ಸೂಪರ್ ಮಾರ್ಕೆಟ್ ಹತ್ತಿರದ ಝೆರಾಕ್ಸ್ ಅಂಗಡಿಯ ತಮ್ಮನಿಗೆ

ಮೇ ತಿಂಗಳ ಕಲಬುರಗಿ. ಮನೆಯಲ್ಲಿ ಕರೆಂಟಿಲ್ಲ. ಸ್ಪ್ಯಾನಿಷ್ ಭಾಷಾವಿಜ್ಞಾನದ ಎಂ.ಎ. ಅರ್ಜಿಗೆ ಸ್ಪೇನಿನ ಮಧ್ಯಾಹ್ನ 2 ಗಂಟೆಯೇ ಕೊನೆ, ಅಂದರೆ ನಮ್ಮ ಸಂಜೆ 5:30. ಅಂಗಡಿಗೆ ಓಡಿದಾಗ 4:40.

ನನ್ನ ಬರಹದ ವಿಷಯ ಇಷ್ಟು: 'ನನಗ ಮಾವು ಸೇರ್ತದ' ಅನ್ನುವಾಗ ನಾವು 'ನಾನು' ಬಿಟ್ಟು 'ನನಗೆ' ಹಿಡಿಯುತ್ತೇವೆ, ಸ್ಪ್ಯಾನಿಷಿನ 'ಮೆ ಗುಸ್ತಾ' (ನನಗೆ ಇಷ್ಟ) ಅನ್ನುವಲ್ಲೂ ಅದೇ ಚತುರ್ಥಿ ವಿಭಕ್ತಿ. ಅಪ್‌ಲೋಡ್‌ಗೆ ಮುಂಚೆ ಪ್ರಿಂಟ್ ತೆಗೆಸಿದೆ. ಹುಡುಗ ಹಾಳೆ ಕೊಡದೆ ಹಿಡಿದು ನಿಂತ.

"ಯಕ್ಕಾ, ಇಂಗ್ಲಿಷ್ ನಡುವ ಕನ್ನಡ ಒತ್ತಕ್ಷರ ಯಾಕ ಬಂದದ ರೀ?"

ಎನ್ ಮೇಲೆ ಅಲೆಗೆರೆ ಇರುವ ಸ್ಪ್ಯಾನಿಷಿನ 'ಎನ್ಯೆ' ಅಕ್ಷರ ನುಡಿ ಫಾಂಟಿನಲ್ಲಿ ಕೆಟ್ಟಿತ್ತು. ಬರೀ ಎನ್ ಒತ್ತಲೇನ್ರಿ ಅಂದ. ಅಯ್ಯೋ! 'ಆನ್ಯೊ' ಅಂದರೆ ವರ್ಷ. ಅಲೆ ಬಿಟ್ಟುಹೋದರೆ ಗುದದ್ವಾರ. 3 ವರ್ಷ ಕಲಿತಿದ್ದೇನೆ ಅಂತ ಬರೆದವಳು ನಾನು! ಅರ್ಥ ಹೇಳಲಿಲ್ಲ, "ಬ್ಯಾಡಪ್ಪಾ" ಅಂದೆ ಅಷ್ಟೇ.

ಪೆನ್ಸಿಲಿನಿಂದ 11 ಕಡೆ ಸುತ್ತು ಹಾಕಿ ಒಂದೊಂದನ್ನೂ ತಿದ್ದಿದ. ನಡುವೆ ಫ್ಯಾನು ನನ್ನ ಕಡೆ ತಿರುಗಿಸಿದ. ಹಿಂದೆ ನಿಂತವರಿಗೆ, "ಐದು ನಿಮಿಷ ತಡೀರಿ, ಯಕ್ಕಂದು ಅರ್ಜಿ ಅದ." 5:22ಕ್ಕೆ ಹೋಯಿತು. ಕೆಟ್ಟ ಹಾಳೆಗಳ ದುಡ್ಡು ತಗೊಳ್ಳಲಿಲ್ಲ.

ಹೆಸರು ಕೇಳುವುದನ್ನೇ ಮರೆತೆ, ತಮ್ಮಾ. ಥ್ಯಾಂಕ್ಸ್. ಪೆನ್ಸಿಲ್ ಸುತ್ತಿನ ಆ ಹಾಳೆ ನನ್ನ ಹತ್ತಿರಾನೇ ಇದೆ.