ಆ ರಾತ್ರಿ ಎದ್ದುಹೋಗದ ಅಕ್ಕನಿಗೆ

ಸೂರ್ಯಬಿಂಬದ ನಡುಭಾಗದ ಕರೋನಾ ರಂಧ್ರಗಳಲ್ಲಿ (ಹೊರವಾತಾವರಣ ಕಪ್ಪಾಗಿ ಕಾಣುವ ಜಾಗಗಳಲ್ಲಿ) ಚಿಮ್ಮುವ ಕಿರುಜೆಟ್‌ಗಳ, ಎಂದರೆ ಬಿಸಿ ಅನಿಲದ ಸಣ್ಣ ಚಿಲುಮೆಗಳ, ಪಟ್ಟಿ ಕೊನೆಗೂ ಮುಗಿದಿದೆ. ಎಷ್ಟು ಸಲ ನಿಂತಿತು ಎಂಬುದು ಜೊತೆಗಿದ್ದವರಿಗೆ ಗೊತ್ತು. ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿರುವ ಎಸ್‌ಡಿಒ (ಸೂರ್ಯನನ್ನು ನೋಡುವ ನಾಸಾ ಉಪಗ್ರಹ) ತಂಡಕ್ಕೆ, ಸರ್ವರ್ ನೋಡಿಕೊಂಡವರಿಗೆ, ಕರಡು ತಿದ್ದಿದ ಗೆಳೆಯರಿಗೆ, ಮನೆಯವರಿಗೆ ನಮಸ್ಕಾರ.

ಉಳಿದ ಮಾತೆಲ್ಲ, ಹೆಸರು ಹಾಕಬೇಡಿ ಎಂದ ನಮ್ಮ ಸೀನಿಯರ್ ಅಕ್ಕನಿಗೆ.

ಜೆಟ್ ಹೊರಡುವ ಮುನ್ನ ಅದರ ಬುಡದಲ್ಲಿ ಸುಮಾರು 8,000 ಕಿ.ಮೀ. ಉದ್ದದ ಸುತ್ತಲಿಗಿಂತ ತಣ್ಣನೆಯ ಅನಿಲದ ಕಿರುತಂತು ಮೇಲೇಳುತ್ತದೆ. 2015ರಲ್ಲಿ ಸೌರವಿಜ್ಞಾನಿಗಳಾದ ಸ್ಟರ್ಲಿಂಗ್, ಮೂರ್ ಮೊದಲಾದವರು ಅದನ್ನು ತೋರಿಸಿದರು. ತಂತುವಿನ ಕೆಳಗೆ ವಿರುದ್ಧ ಧ್ರುವದ ಕಾಂತತೇಪೆಗಳು (ಸೂರ್ಯನ ಮೈಮೇಲಿನ ಕಾಂತಕ್ಷೇತ್ರದ ತುಣುಕುಗಳು) ಒಂದನ್ನೊಂದು ತಾಗಿ ಕರಗುವುದನ್ನು ಆಮೇಲೆ ಪನೇಸರ್ ತೋರಿಸಿದರು. ನಮ್ಮ ಚಿತ್ರಗಳಲ್ಲಿ ಮಾತ್ರ ಜೆಟ್ ಒಂದು ಕಡೆ, ಕರಗುವ ತೇಪೆ ಇನ್ನೊಂದು ಕಡೆ. ಸಲ್ಲಿಸಲು ಒಂದೇ ದಿನ ಉಳಿದಿತ್ತು. ಇಷ್ಟು ತಿಂಗಳು ನೋಡಿದ್ದೆಲ್ಲ ಸುಳ್ಳೇ ಎನಿಸಿ ಅಳು ಬಂದಿತ್ತು.

ಅಕ್ಕ ಕುರ್ಚಿ ಎಳೆದುಕೊಂಡು ಕೂತರು. ಎಸ್‌ಡಿಒದಲ್ಲಿ ಕಾಂತಕ್ಷೇತ್ರ ಅಳೆಯುವ ಎಚ್‌ಎಂಐ ಉಪಕರಣದ ಚಿತ್ರ ಸುಮಾರು 180 ಡಿಗ್ರಿ ತಿರುಗಿ ಬರುತ್ತದೆ; ಅದನ್ನು ತಿರುಗಿಸಿದ್ದೇವೆಯೇ ಎಂದು ಮೊದಲು ನೋಡಿದರು. ಸರಿಯಿತ್ತು. ಅದರ 0.5 ಆರ್ಕ್‌ಸೆಕೆಂಡಿನ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲೊಂದು ಭಾಗ) ಪಿಕ್ಸೆಲ್, ಜೆಟ್‌ಗಳ ಚಿತ್ರ ತೆಗೆಯುವ ಎಐಎ ಉಪಕರಣದ 0.6ಕ್ಕೆ ಹೊಂದಿದೆಯೇ? ಅದೂ ಸರಿ. ಉಳಿದದ್ದು ಸಮಯ. ಬಿಂಬದ ನಡುವೆ ಸೂರ್ಯನ ಮೈ ಗಂಟೆಗೆ ಸುಮಾರು 10 ಆರ್ಕ್‌ಸೆಕೆಂಡ್, ಎಂದರೆ 7,000 ಕಿ.ಮೀ.ಗೂ ಹೆಚ್ಚು, ಪಶ್ಚಿಮಕ್ಕೆ ಸರಿಯುತ್ತದೆ. 12 ಸೆಕೆಂಡಿಗೊಂದರ ಎಐಎ ಸರಣಿಗೆ ಆ ತಿದ್ದುಪಡಿ ಆಗಿತ್ತು, 45 ಸೆಕೆಂಡಿಗೊಂದರ ಕಾಂತನಕ್ಷೆಗಳಿಗೆ ಆಗಿರಲಿಲ್ಲ. ಗಂಟೆಯೊಂದರಲ್ಲಿ ಹೆಚ್ಚುಕಡಿಮೆ ಒಂದಿಡೀ ಕಿರುತಂತುವಿನಷ್ಟು ತಪ್ಪು!

ತಪ್ಪು ಸಿಕ್ಕ ಮೇಲೂ ಅವರು ಏಳಲಿಲ್ಲ. ಒಂದೊಂದು ಜೆಟ್ಟನ್ನೂ 304, 171, 193 ಆಂಗ್‌ಸ್ಟ್ರಮ್ ತರಂಗಾಂತರಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿಸಿದರು. ಒಂದು ಫ್ರೇಮಿನಿಂದ ಹಿಂದಿನದನ್ನು ಕಳೆದಾಗ ಕಾಣುವ ಹೊಳಪು ಉಪಗ್ರಹದ ಸಣ್ಣ ನಡುಕದಿಂದಲೂ ಬರುತ್ತದೆ. ಮೂಲ ಚಿತ್ರದಲ್ಲಿ ಕಾಣದ್ದನ್ನು ಜೆಟ್ ಎನ್ನಬೇಡಿ ಎಂದರು. ಅಂಚಿನ ಕಡೆಯ ಜೆಟ್‌ಗಳ ಬುಡದಲ್ಲಿ ಕಾಂತಕ್ಷೇತ್ರ ಅಳೆಯಲು ಬಿಡಲಿಲ್ಲ: ಓರೆಯಾಗಿ ನೋಡಿದರೆ ಧ್ರುವವೇ ತಿರುವುಮುರುವಾಗಿ ಕಾಣಬಹುದು. 10 ಗಾಸ್‌ಗಿಂತ (ಗಾಸ್ ಕಾಂತಕ್ಷೇತ್ರದ ಅಳತೆ) ಕಡಿಮೆಯದನ್ನೂ ನಂಬಲಿಲ್ಲ. ಬೆಳಗಾಗುವಷ್ಟರಲ್ಲಿ ಪಟ್ಟಿಯ ಎಷ್ಟೋ ಸಾಲುಗಳು ಹೋದವು. ಉಳಿದ ಒಂದೊಂದು ಸಾಲನ್ನೂ ಇವತ್ತು ಯಾರ ಮುಂದೆ ಬೇಕಾದರೂ ಇಡಬಲ್ಲೆವು.

ಸೋಲಾರ್ ಆರ್ಬಿಟರ್ ನೌಕೆ ಕಂಡ, ಕೆಲವೇ ನೂರು ಕಿ.ಮೀ. ಅಗಲದ, ಎರಡು ನಿಮಿಷವೂ ಬಾಳದ ಜೆಟ್‌ಗಳು ಈ ಪಟ್ಟಿಯಲ್ಲಿಲ್ಲ. ಎಐಎಯ ಒಂದು ಪಿಕ್ಸೆಲ್ಲೇ ಸುಮಾರು 435 ಕಿ.ಮೀ. ಮುಂದಿನ ಕೆಲಸ ಅವುಗಳದ್ದು. ಈ ಸಲ ಮೊದಲ ದಿನವೇ ಬನ್ನಿ, ಅಕ್ಕ.