ನಮ್ಮ ಹೊಸ ಕಚೇರಿಗೆ ಹಳೇ ಮರದ ಮೇಜು, ಬೆಂಚು ಯಾಕೆ?

ಆತ್ಮೀಯ ಸದಸ್ಯರೇ, ಗ್ರಾಹಕರೇ,

ಮೇ ತಿಂಗಳ ಮೊದಲ ಸೋಮವಾರದಿಂದ ನಮ್ಮ ಪತ್ತಿನ ಸಹಕಾರ ಸಂಘದ ಕಚೇರಿ ಮೊದಲ ಮಹಡಿಯಿಂದ ಅದೇ ಕಟ್ಟಡದ ಕೆಳಮಹಡಿಗೆ ಬರಲಿದೆ. ಖಾತೆ ಸಂಖ್ಯೆ, ಪಾಸ್‌ಬುಕ್, ಪಿಗ್ಮಿ ಸಂಗ್ರಹ, ಕೆಲಸದ ಸಮಯ ಯಾವುದೂ ಬದಲಾಗುವುದಿಲ್ಲ. ಬದಲಾಗುವುದು ನೀವು ಬಂದು ಕೂರುವ ಜಾಗ.

ಒಳಗೆ ಕಾಣುವ ಮೇಜು, ಬೆಂಚು, ಕಪಾಟು ಬಹುಪಾಲು ಹಳೆಯವು. ಇದನ್ನು ಕೇಳಿದ ಕೆಲವರು ‘ಸಂಘಕ್ಕೆ ದುಡ್ಡಿನ ತೊಂದರೆಯಾ?’ ಎಂದು ವಿಚಾರಿಸಿದ್ದಾರೆ. ಖಂಡಿತ ಇಲ್ಲ. ಠೇವಣಿ ಇಟ್ಟವರಿಗೆ ಆ ಅನುಮಾನ ಬರುವುದು ಸಹಜ, ಅದಕ್ಕೇ ಈ ಪತ್ರ.

ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಈಗ ಅಂಗಡಿಯಲ್ಲಿ ಸಿಗುವ ಅಗ್ಗದ ಮೇಜುಗಳಲ್ಲಿ ಜಾಸ್ತಿ ಇರುವುದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ಥಂಡಿ ಹಿಡಿದರೆ ಅದು ಉಬ್ಬುತ್ತದೆ. ಒಮ್ಮೆ ಕಿತ್ತ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ರಿಪೇರಿ ಕಷ್ಟ, ಎಸೆಯುವುದೇ ಗತಿ. ಒಲೆಗೆ ಹಾಕೋಣವೆಂದರೆ ಅಂಟಿನ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು.

ಇತ್ತ ನಮ್ಮೂರ ಸುತ್ತಮುತ್ತ ಹಳೇ ಹೆಂಚಿನ ಮನೆಗಳು ಒಂದೊಂದಾಗಿ ತಾರಸಿ ಮನೆಗಳಾಗುತ್ತಿವೆ. ತೇಗ, ಹಲಸು, ಹೊನ್ನೆಯ ಬಾಗಿಲು, ತೊಲೆಗಳು ಕೊಟ್ಟಿಗೆಯ ಮೂಲೆ ಸೇರುತ್ತವೆ, ಇಲ್ಲವೇ ಸೌದೆಯಾಗುತ್ತವೆ. ತೇಗದ ಮರ ಚೆನ್ನಾಗಿ ಬಲಿಯಲು 50 ವರ್ಷವಾದರೂ ಬೇಕು. ಬಲಿತ ತೇಗದ ತಿರುಳಿನಲ್ಲಿ ಎಣ್ಣೆಯಂಶ ಇರುವುದರಿಂದ ಗೆದ್ದಲು ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಕೀಲು ಸಡಿಲವಾದರೆ ಬಿಚ್ಚಿ, ಬೆಣೆ ಹೊಡೆದು ಬಿಗಿ ಮಾಡಬಹುದು. ಅಂಥ ಮರ ಬೂದಿಯಾಗುವುದನ್ನು ನೋಡಿಕೊಂಡು ನಾವು ಹೊಸ ಬೋರ್ಡು ಕೊಳ್ಳುವುದು ಸರಿಯಲ್ಲ ಅಲ್ವಾ?

ಹಾಗಾಗಿ ಸದಸ್ಯರನ್ನೇ ಕೇಳಿದೆವು. ಅಟ್ಟದಿಂದ ಬೆಂಚು ಇಳಿದವು, ಕಬ್ಬಿಣದ ಕಪಾಟುಗಳು ಬಂದವು. ಬಿಚ್ಚಿದ ಮನೆಯೊಂದರ ಬಾಗಿಲುಗಳನ್ನು ಕೊಂಡೆವು. ಈಗ ಅವು ಕೌಂಟರಿನ ಮೇಲ್ಹಲಗೆ. ಕೊಟ್ಟವರಿಗೆಲ್ಲ ರಸೀದಿ ಕೊಟ್ಟು, ವಸ್ತುಗಳನ್ನು ಸಂಘದ ಆಸ್ತಿ ರಿಜಿಸ್ಟರಿಗೆ ಸೇರಿಸಿದ್ದೇವೆ. ಖರ್ಚಿನಲ್ಲಿ ದೊಡ್ಡ ಪಾಲು ಹೋಗಿದ್ದು ಸಾಮಾನಿಗಲ್ಲ, ಊರಿನ ಆಚಾರಿಗಳ ಮತ್ತು ಕುರ್ಚಿಗೆ ಬೆತ್ತ ಹೆಣೆಯುವವರ ಕೂಲಿಗೆ. ಅವರಲ್ಲಿ ಹಲವರ ಖಾತೆ ನಮ್ಮಲ್ಲೇ ಇದೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ಸಹಕಾರಿಗಳ ಆಸೆ ಇದೇ: ಊರಿನ ದುಡ್ಡು ಊರಿನವರ ಕೈಯಲ್ಲೇ ಓಡಾಡಬೇಕು.

ಹಳೆಯದೆಂದು ಎಲ್ಲವನ್ನೂ ಒಪ್ಪಲಿಲ್ಲ. ಹತ್ತಿ ತುಂಬಿದ ಸೋಫಾ ಬೇಡವೆಂದೆವು, ತಿಗಣೆಯ ಭಯ. ಪೇಂಟು ಬಳಿದ ಸಾಮಾನಿನ ಬಗ್ಗೆಯೂ ಹುಷಾರಾಗಿದ್ದೆವು. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ ಎಂಬ ವಿಷಲೋಹ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದಿದ್ದೇ 2017ರಲ್ಲಿ. ಅಮ್ಮನ ಜೊತೆ ಬರುವ ಮಕ್ಕಳು ಬೆಂಚಿಗೆ ಬಾಯಿ ಹಾಕದೆ ಇರುತ್ತಾರೆಯೇ? ಆದ್ದರಿಂದ ಪೇಂಟು ಕಿತ್ತುಬರುತ್ತಿದ್ದ ಸಾಮಾನನ್ನು ನಯವಾಗಿ ವಾಪಸ್ ಕಳಿಸಿದೆವು. ತೆಗೆದುಕೊಂಡ ಮರಕ್ಕೆ ಅರಗಿನ ಪಾಲಿಶ್ ಹಾಕಿಸಿದ್ದೇವೆ. ನೆಲಕ್ಕೆ ತಾಗುವ ಕಾಲಿನ ತುದಿಗೆ ಮಾತ್ರ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಹಸಿ ಇದ್ದಾಗ ಅದು ಮೈ ಸುಡುತ್ತದೆ, ಹಾಗಾಗಿ ಕೈ ತಾಗುವ ಕಡೆ ಬಳಿಸಿಲ್ಲ. ಸಿಬ್ಬಂದಿ ದಿನವಿಡೀ ಕೂರುವ ಕುರ್ಚಿ, ವಿದ್ಯುತ್ ವೈರಿಂಗ್ ಇವೆರಡು ಪೂರ್ತಿ ಹೊಸತು. ಬೆನ್ನು ಮತ್ತು ಬೆಂಕಿಯ ವಿಷಯದಲ್ಲಿ ಉಳಿತಾಯ ನೋಡಬಾರದು.

ವಯಸ್ಸಾದ ಸದಸ್ಯರು ಇನ್ನು ಮೆಟ್ಟಿಲು ಹತ್ತಬೇಕಿಲ್ಲ. ಬಾಗಿಲಲ್ಲಿ ಇಳಿಜಾರು ಮಾಡಿಸಿದ್ದೇವೆ, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಲೆಕ್ಕದಲ್ಲಿ. ಕೌಂಟರಿನ ಒಂದು ಭಾಗ 75 ಸೆಂಟಿಮೀಟರ್ ಎತ್ತರ ಮಾತ್ರ, ಗಾಲಿಕುರ್ಚಿಯಲ್ಲಿ ಬಂದವರೂ ಅಲ್ಲೇ ಸಹಿ ಹಾಕಬಹುದು. ನಗದು ಕೌಂಟರಿಗೆ ಗಾಜು ಇದ್ದೇ ಇರುತ್ತದೆ. ಸಾಲದ ಮಾತಿಗೆ ಬಾಗಿಲಿರುವ ಪುಟ್ಟ ಕೋಣೆ ಬೇರೆ ಇದೆ. ಮನೆಯ ಕಷ್ಟವನ್ನು ಹತ್ತು ಜನರ ಎದುರು ಹೇಳಿಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು. ಮುಂದಿನ ಕೋಣೆಯ ಉದ್ದನೆ ಮೇಜು ಸಂಜೆ ಕಚೇರಿ ಮುಚ್ಚಿದ ಮೇಲೆ ಸ್ವಸಹಾಯ ಸಂಘಗಳ ಸಭೆಗೆ ಸಿಗುತ್ತದೆ. ಬಾಡಿಗೆ ಇಲ್ಲ, ಹಿಂದಿನ ದಿನ ಹೇಳಿ ಹೆಸರು ಬರೆಸಿದರೆ ಸಾಕು.

ಮಳೆಗಾಲ ಶುರುವಾಗುವ ಮುಂಚೆ ಒಂದು ಗೋಡೆ ಗಡಿಯಾರ, ಇನ್ನೆರಡು ಬೆನ್ನೊರಗುವ ಬೆಂಚು ಬೇಕಾಗಿವೆ. ನಿಮ್ಮ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ಪಿಗ್ಮಿ ಸಂಗ್ರಹಕ್ಕೆ ಬರುವವರ ಹತ್ತಿರ ಹೇಳಿ ಕಳಿಸಿ. ನಾವೇ ಬಂದು ನೋಡುತ್ತೇವೆ, ಸಾಗಿಸುವ ಖರ್ಚೂ ಸಂಘದ್ದೇ.

ಇಂತಿ ನಿಮ್ಮ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)