ಜಲಸಂಧಿಯಲ್ಲಿ ಹಾಯಿದೋಣಿಗೆ ಮೊದಲ ದಾರಿಯಿಲ್ಲ

ಮಾನ್ಯ ಸಂಪಾದಕರೇ,

ಇಬ್ಬರು ಮೂವರು ಸೇರಿ ಹಾಯಿದೋಣಿಯಲ್ಲಿ ಕರಾವಳಿ ಸುತ್ತುವುದನ್ನು ಕುರಿತು ಬರೆಯುವವರು ಗಾಳಿಯನ್ನು ಹೊಗಳುತ್ತಾರೆಯೇ ಹೊರತು ನಿದ್ದೆಯ ಮಾತೆತ್ತುವುದಿಲ್ಲ. ಒಬ್ಬರು ಮಲಗಿದರೆ ಚುಕ್ಕಾಣಿ, ಹಾಯಿ, ಕಾವಲು ಮೂರೂ ಇನ್ನೊಬ್ಬರ ತಲೆಗೇ ಬೀಳುತ್ತವೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಡೋವರ್ ಜಲಸಂಧಿ ಅತಿ ಕಿರಿದಾದಲ್ಲಿ ಸುಮಾರು 33 ಕಿ.ಮೀ. ಅಗಲವಷ್ಟೇ. ಆದರೆ 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ 10ನೇ ನಿಯಮದ ಪ್ರಕಾರ, ಅಲ್ಲಿ ಹಡಗುಗಳಿಗೆಂದು ಗುರುತಿಸಿದ ಸಂಚಾರ ಪಥವನ್ನು ದಾಟಲೇಬೇಕಾದವರು, ಪ್ರವಾಹ ದೋಣಿಯನ್ನು ಪಕ್ಕಕ್ಕೆ ಎಳೆಯುತ್ತಿದ್ದರೂ, ಅದರ ಮೂತಿಯನ್ನು ಪಥಕ್ಕೆ ಸಾಧ್ಯವಾದಷ್ಟು ಲಂಬವಾಗಿಯೇ ಹಿಡಿಯಬೇಕು ಮತ್ತು ಪಥದಲ್ಲಿ ಸಾಗುವ ಯಂತ್ರಚಾಲಿತ ಹಡಗಿಗೆ ಅಡ್ಡಿಯಾಗಬಾರದು. ಹಾಯಿಗೇ ಮೊದಲ ದಾರಿ ಎಂಬ ಹಳೆಯ ಹೆಮ್ಮೆ (ನನಗೂ ಇತ್ತು) ಅಲ್ಲಿ ನಡೆಯದು. ದಿಕ್ಸೂಚಿಯಲ್ಲಿ ನೋಡಿದಾಗ ಹಡಗು ಕಾಣುವ ದಿಕ್ಕು ಬದಲಾಗದೆ ಅದರ ಆಕಾರ ಮಾತ್ರ ದೊಡ್ಡದಾಗುತ್ತಿದ್ದರೆ ಡಿಕ್ಕಿಯ ಅಪಾಯವಿದೆ ಎಂದರ್ಥ; ಆಗ ಮಲಗಿದವರನ್ನು ಎಬ್ಬಿಸಲು ಸಂಕೋಚಪಡಬಾರದು.

– ಒಬ್ಬ ಹವ್ಯಾಸಿ ನಾವಿಕ